ಗುಹಾವಾಸಿ ಬ್ಯಾಕ್ಟೀರಿಯಗಳೂ ಅವುಗಳ ಉಪಯುಕ್ತ ದ್ರವ್ಯಗಳೂ

ದಕ್ಷಿಣ ಬೆಂಗಳೂರಿನ ವಿದ್ಯಾರ್ಥಿಗೆ ಗುಹೆಯೆಂದೊಡನೆ ನೆನಪಾಗುವುದು ಗವಿಪುರ. ಮಕರಸಂಕ್ರಾಂತಿಯ ಸಂಜೆ ಸೂರ್ಯಕಿರಣವು ನಂದಿಯ ಕೊಂಬುಗಳ ನಡುವೆ ಹಾದು ಗಂಗಾಧರೇಶ್ವರನ ಲಿಂಗವನ್ನು ಮುಟ್ಟುವುದನ್ನು ನೋಡಲು ಜಯನಗರ, ಬನಶಂಕರಿಗಳಿಂದ ಜನರು ಅಲ್ಲಿಗೆ ಹೋಗುತ್ತಾರೆ. ಆ ಕಿರಣ ಅಷ್ಟು ವಿಶೇಷವಾಗಿರುವುದಕ್ಕೆ ಗವಿಯ ಕತ್ತಲೆಯೇ ಕಾರಣ. ಬಿಸಿಲಿಲ್ಲದೆಡೆ ಹಸುರು ಸಸ್ಯವಿಲ್ಲ, ಹಸುರು ಸಸ್ಯವಿಲ್ಲದೆಡೆ ಆಹಾರವಿಲ್ಲ ಎಂಬುದು ಜೀವಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಆದರೂ ಗುಹೆಗಳು ನಿರ್ಜೀವವಲ್ಲ. ಅಲ್ಲಿನ ಬ್ಯಾಕ್ಟೀರಿಯಗಳು ಹೇಗೆ ಬದುಕುತ್ತವೆ, ಅವುಗಳಿಂದ ಯಾವ ಔಷಧದ್ರವ್ಯಗಳನ್ನು ನಿರೀಕ್ಷಿಸಬಹುದು, ಆ ನಿರೀಕ್ಷೆಯ ಮಿತಿಗಳಾವುವು ಎಂಬುದನ್ನು ಈ ಲೇಖನದಲ್ಲಿ ಸಂಗ್ರಹವಾಗಿ ವಿವರಿಸುತ್ತೇವೆ.

ಮೊದಲು ಗುಹೆಗಳಲ್ಲಿರುವ ಭೇದವನ್ನು ತಿಳಿಯುವುದು ಅವಶ್ಯಕ. ಲಾಲ್‌ಬಾಗಿನ ಬಂಡೆಯಲ್ಲಿ ಕಾಣುವ, ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ನೈಸ್ ಶಿಲೆ ನೀರಿನಲ್ಲಿ ಕರಗುವುದು ಅತ್ಯಲ್ಪ. ಆದಕಾರಣ ಇಂತಹ ನೆಲದ ಗವಿಗಳು ಬಂಡೆಗಳ ಸಂದುಗಳು, ಇಲ್ಲವೆ ಮನುಷ್ಯನು ಕೊರೆದು ವಿಸ್ತರಿಸಿದವು. ಸುಣ್ಣಕಲ್ಲಿನ ಸಂಗತಿ ಬೇರೆ. ಮಳೆಯ ನೀರು ಮಣ್ಣಿನ ಮೂಲಕ ಇಳಿಯುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ದುರ್ಬಲ ಆಮ್ಲವಾಗುತ್ತದೆ. ಆ ಆಮ್ಲವು ಸುಣ್ಣಕಲ್ಲನ್ನು ಕರಗಿಸಿ ಗುಹೆಯನ್ನು ನಿರ್ಮಿಸುತ್ತದೆ. ಅದೇ ನೀರು ಚಾವಣಿಯಿಂದ ತೊಟ್ಟಿಕ್ಕುವಾಗ ಅನಿಲವನ್ನು ಬಿಟ್ಟುಕೊಟ್ಟು, ಸುಣ್ಣವನ್ನು ಮರಳಿ ಕಲ್ಲಾಗಿಸುತ್ತದೆ. ದಾಂಡೇಲಿಯ ಕಾಡಿನ ಕವಳ ಗುಹೆಯಲ್ಲಿ ಲಿಂಗವೆಂದು ಪೂಜಿಸಲ್ಪಡುವ ಶಿಲೆಯು ಹೀಗೆ ಬೆಳೆದುದೇ. ಉತ್ತರ ಕನ್ನಡ ಜಿಲ್ಲೆಯ ಆಕಳಗವಿಯಲ್ಲಿ ದೊರೆತ ಇಂತಹ ಶಿಲೆಯೊಂದರ ಪದರಗಳನ್ನು ಪರೀಕ್ಷಿಸಿ, ಯಾದವ, ರಮೇಶ್ ಮತ್ತು ಪಂತ್ ಎಂಬ ವಿಜ್ಞಾನಿಗಳು 331 ವರ್ಷಗಳ ಮುಂಗಾರಿನ ಏರಿಳಿತಗಳನ್ನು 2004ರಲ್ಲಿ ಪ್ರಕಟಿಸಿದರು. ಕಲ್ಲನ್ನು ಕಟ್ಟುವ ಈ ನೀರೇ ಗುಹೆಯ ಜೀವಿಗಳಿಗೂ ಆಹಾರವನ್ನು ತರುತ್ತದೆ.

ಆ ಆಹಾರ ಬಹು ಸ್ವಲ್ಪ. ಬಾವಲಿಗಳ ಹಿಕ್ಕೆ ಬೀಳುವ ಸ್ಥಳಗಳನ್ನು ಬಿಟ್ಟರೆ, ಆಳವಾದ ಗುಹೆಯಲ್ಲಿ ಜೈವಿಕ ಪದಾರ್ಥ ಅತಿ ವಿರಳ. ಕೆಲವು ಬ್ಯಾಕ್ಟೀರಿಯಗಳು ಈ ಕಣಗಳನ್ನೇ ಹೀರಿ ಬದುಕುತ್ತವೆ. ಮತ್ತೆ ಕೆಲವು ಅಮೋನಿಯ, ಗಂಧಕ, ಕಬ್ಬಿಣ, ಮ್ಯಾಂಗನೀಸುಗಳನ್ನು ಉತ್ಕರ್ಷಿಸಿ, ಆ ಕ್ರಿಯೆಯಿಂದ ಹೊರಬರುವ ಶಕ್ತಿಯನ್ನು ಬಳಸಿಕೊಳ್ಳುತ್ತವೆ. ಸಸ್ಯಕ್ಕೆ ಬಿಸಿಲು ಮಾಡುವ ಉಪಕಾರವನ್ನು ಇವುಗಳಿಗೆ ಖನಿಜವು ಮಾಡುತ್ತದೆ. ರುಮೇನಿಯ ದೇಶದಲ್ಲಿ 1986ರಲ್ಲಿ ಬೆಳಕಿಗೆ ಬಂದ ಮೋವಿಲೆ ಗುಹೆಯಲ್ಲಿ ಹೈಡ್ರೋಜನ್ ಸಲ್ಫೈಡನ್ನು ಉತ್ಕರ್ಷಿಸುವ ಬ್ಯಾಕ್ಟೀರಿಯಗಳ ಆಧಾರದ ಮೇಲೆ ಜೇಡ, ಜಿಗಣೆ ಮುಂತಾದ ಪ್ರಾಣಿಗಳ ಒಂದು ಸಮಾಜವೇ ನಿಂತಿದೆ.

ಇಂತಹ ಬಡತನದಲ್ಲಿ ಔಷಧದ್ರವ್ಯಗಳನ್ನು ಏಕೆ ಅರಸಬೇಕು? ಒಂದು ತುತ್ತಿಗೆ ಹಲವು ಬಾಯಿಗಳಿರುವೆಡೆ, ನೆರೆಯ ಜೀವಿಯನ್ನು ತಡೆದಿಡಬಲ್ಲ ರಸಾಯನವಿದ್ದವನಿಗೆ ಅನುಕೂಲ ಹೆಚ್ಚು. ಈ ಕಲೆಯಲ್ಲಿ ಆಕ್ಟಿನೋಮೈಸೀಟ್ ವರ್ಗದ ಬ್ಯಾಕ್ಟೀರಿಯಗಳು ನಿಪುಣವಾದವು. ಮೊದಲ ಮಳೆ ಬಿದ್ದಾಗ ನೆಲದಿಂದೇಳುವ ಮಣ್ಣಿನ ವಾಸನೆಗೆ ಬಹುಮಟ್ಟಿಗೆ ಕಾರಣವಾದ ಜಿಯೋಸ್ಮಿನ್ ಎಂಬ ದ್ರವ್ಯವೂ ಇವುಗಳದೇ. 1943ರಲ್ಲಿ ಅಮೆರಿಕದ ವಾಕ್ಸ್‌ಮನ್ನರ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಷಾಟ್ಜ್ ಈ ವರ್ಗದ ಸ್ಟ್ರೆಪ್ಟೋಮೈಸಿಸ್‌ನಿಂದ ಸ್ಟ್ರೆಪ್ಟೋಮೈಸಿನ್ನನ್ನು ಬೇರ್ಪಡಿಸಿದುದು ಕ್ಷಯರೋಗ ಚಿಕಿತ್ಸೆಯ ಇತಿಹಾಸವನ್ನೇ ಬದಲಿಸಿತು. ನಮ್ಮ ದೇಶದಲ್ಲಿಯೂ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯಲ್ಲಿ ಎಂ. ಜೆ. ತಿರುಮಲಾಚಾರ್ ಮತ್ತು ಅವರ ಸಹೋದ್ಯೋಗಿಗಳು, ಅಲ್ಲಿನ ಮಣ್ಣಿನ ಸ್ಟ್ರೆಪ್ಟೋಮೈಸಿಸ್‌ನಿಂದಲೇ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕವನ್ನು 1960ರ ದಶಕದ ಆರಂಭದಲ್ಲಿ ಪಡೆದರು.

ಆದರೆ ಸುಲಭವಾಗಿ ದೊರೆಯುವ ಮಣ್ಣನ್ನು ಮತ್ತೆ ಮತ್ತೆ ಶೋಧಿಸಿದಾಗ, ಹಿಂದೆ ಕಂಡ ದ್ರವ್ಯಗಳೇ ಪುನಃ ಕೈಗೆ ಬರತೊಡಗಿದವು. ಆದ್ದರಿಂದಲೇ ವಿಜ್ಞಾನಿಗಳ ದೃಷ್ಟಿ ಗುಹೆಗಳತ್ತ ತಿರುಗಿತು. ಇಟಲಿಯ ಗ್ರೊಟ್ಟಾ ದೈ ಚೆರ್ವಿ ಎಂಬ ಪ್ರಾಚೀನ ಚಿತ್ರಗಳ ಗುಹೆಯ ಸ್ಟ್ರೆಪ್ಟೋಮೈಸಿಸ್ ಒಂದರಿಂದ ದೊರೆತ ಸರ್ವಿಮೈಸಿನ್ ದ್ರವ್ಯಗಳ ವರದಿ 2005ರಲ್ಲಿ ಪ್ರಕಟವಾಯಿತು. ವ್ಯಾಂಕೋಮೈಸಿನ್‌ಗೂ ಮಣಿಯದ ರೋಗಾಣುಗಳನ್ನು ಇವು ಪ್ರಯೋಗಶಾಲೆಯಲ್ಲಿ ತಡೆದವು. ಆದರೂ ಸರ್ವಿಮೈಸಿನ್ ಇನ್ನೂ ರೋಗಿಯ ಹಾಸಿಗೆಯ ಬಳಿಗೆ ಬಂದಿಲ್ಲ. ತಟ್ಟೆಯಲ್ಲಿ ಕಂಡ ಗುಣಕ್ಕೂ ಔಷಧಕ್ಕೂ ನಡುವೆ ಇರುವ ದಾರಿ ದೀರ್ಘವಾದುದು.

ಗುಹೆಗಳು ಕಲಿಸಿರುವ ಮತ್ತೊಂದು ಪಾಠ ಇದಕ್ಕಿಂತಲೂ ಮುಖ್ಯವೆಂದು ನಮ್ಮ ಅಭಿಪ್ರಾಯ. ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದ ಲೆಚುಗಿಯ ಗುಹೆಯ ಒಂದು ಭಾಗವು 40 ಲಕ್ಷ ವರ್ಷಗಳಿಗೂ ಹೆಚ್ಚು ಕಾಲ ಹೊರಜಗತ್ತಿನಿಂದ ಬೇರೆಯಾಗಿದ್ದಿತು. ಅಲ್ಲಿಂದ ತಂದ 93 ಬಗೆಯ ಬ್ಯಾಕ್ಟೀರಿಯಗಳನ್ನು ಹೇಜೆಲ್ ಬಾರ್ಟನ್, ಜೆರಾರ್ಡ್ ರೈಟ್ ಮೊದಲಾದವರು ಪರೀಕ್ಷಿಸಿ, 2012ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಮನುಷ್ಯನ ಔಷಧವನ್ನು ಎಂದೂ ಕಾಣದಿದ್ದ ಈ ಜೀವಿಗಳಲ್ಲಿ ಕೆಲವು 14 ಪ್ರತಿಜೈವಿಕಗಳನ್ನು ಎದುರಿಸಬಲ್ಲವಾಗಿದ್ದವು. 2003ರಲ್ಲಷ್ಟೇ ಅಮೆರಿಕದಲ್ಲಿ ಚಿಕಿತ್ಸೆಗೆ ಅನುಮತಿ ಪಡೆದ ಡಾಪ್ಟೋಮೈಸಿನ್ನನ್ನೂ ಕೆಲವು ಒಡೆದುಹಾಕಿದವು. ಪ್ರತಿರೋಧವು ಔಷಧಾಲಯಗಳಲ್ಲಿ ಹುಟ್ಟಿದುದಲ್ಲ. ಆಯುಧವಿದ್ದೆಡೆ ಗುರಾಣಿಯೂ ಲಕ್ಷಾಂತರ ವರ್ಷಗಳಿಂದ ಇದೆ.

ಇದರಿಂದ ಮನುಷ್ಯನ ದೋಷವು ಕಡಮೆಯಾಯಿತೆಂದು ಭಾವಿಸಬಾರದು. ವಿರಳವಾಗಿದ್ದ ಗುರಾಣಿಯನ್ನು ರೋಗಾಣುಗಳಲ್ಲಿ ಸರ್ವಸಾಮಾನ್ಯವಾಗಿಸಿದುದು ಪ್ರತಿಜೈವಿಕಗಳ ವಿವೇಚನೆಯಿಲ್ಲದ ಬಳಕೆಯೇ. ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಗಳ ನೇರ ಪರಿಣಾಮವಾಗಿ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಮೃತಪಟ್ಟರೆಂದು ಅಂದಾಜು. ಗುಹೆಯ ಅಧ್ಯಯನದಿಂದ ಇಲ್ಲಿ ಎರಡು ಪ್ರಯೋಜನಗಳುಂಟು: ಹೊಸ ಆಯುಧ ಸಿಗಬಹುದು; ಜೊತೆಗೆ ಮುಂದೆ ಆಸ್ಪತ್ರೆಯಲ್ಲಿ ಎದುರಾಗಬಹುದಾದ ಗುರಾಣಿಯ ಸ್ವರೂಪವನ್ನು ಮುಂಚಿತವಾಗಿಯೇ ತಿಳಿದು, ಔಷಧವನ್ನು ತಕ್ಕಂತೆ ಮಾರ್ಪಡಿಸಲು ಸಾಧ್ಯವಾಗಬಹುದು.

ಶೋಧನೆಯ ಕ್ರಮವನ್ನೂ ಎರಡು ಮಾತುಗಳಲ್ಲಿ ಹೇಳಬೇಕು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಬಳಸುವ ಪುಷ್ಟಿಯಾದ ಅಗಾರ್ ಈ ಜೀವಿಗಳಿಗೆ ಹಿತವಲ್ಲ. ಉಪವಾಸಕ್ಕೆ ಒಗ್ಗಿದವುಗಳಿಗೆ ಹಬ್ಬದೂಟ ಬಡಿಸಿದಂತಾಗುತ್ತದೆ. ಪೋಷಕಗಳನ್ನು ಬಹಳವಾಗಿ ತೆಳುಪುಗೊಳಿಸಿ, ಗುಹೆಯ ಉಷ್ಣತೆಯಲ್ಲಿಯೇ ಇಟ್ಟು, ವಾರಗಟ್ಟಲೆ ಕಾಯಬೇಕು. ಬೆಳೆದ ಸಮೂಹದ ಸುತ್ತ ಪರೀಕ್ಷಾಜೀವಿ ಬೆಳೆಯದೆ ತಿಳಿಯಾದ ವಲಯ ಕಂಡರೆ, ಅಲ್ಲಿ ಪ್ರತಿಬಂಧಕ ದ್ರವ್ಯವಿದೆಯೆಂದು ಊಹಿಸಬಹುದು. ಅದು ಹೊಸತೋ ಹಳೆಯದೋ ಎಂಬುದನ್ನು ರಾಸಾಯನಿಕ ವಿಶ್ಲೇಷಣೆಯಿಂದ ನಿರ್ಣಯಿಸಬೇಕು. ತಟ್ಟೆಯಲ್ಲಿ ಬೆಳೆಯದ ಜೀವಿಗಳೇ ಬಹುಸಂಖ್ಯಾತವಾದುದರಿಂದ, ಈಗ ಅವುಗಳ ಡಿಎನ್‌ಎಯನ್ನೇ ಓದಿ, ದ್ರವ್ಯಗಳನ್ನು ತಯಾರಿಸುವ ಜೀನುಗಳನ್ನು ಗುರುತಿಸುವ ವಿಧಾನವೂ ರೂಢಿಗೆ ಬಂದಿದೆ.

ಇಷ್ಟನ್ನು ಓದಿದ ಉತ್ಸಾಹಿ ವಿದ್ಯಾರ್ಥಿಯು ಗವಿಯ ಗೋಡೆಯನ್ನು ಕೆರೆಯಲು ಹೊರಡಬಾರದು. ದೀಪ, ಎಣ್ಣೆ, ಭಕ್ತರ ಉಸಿರುಗಳಿರುವ ಗುಡಿಯಲ್ಲಿ ಸಿಗುವ ಬ್ಯಾಕ್ಟೀರಿಯಗಳಲ್ಲಿ ಮನುಷ್ಯನೇ ತಂದವು ಎಷ್ಟೋ ಇರುತ್ತವೆ. ಕವಳ ಗುಹೆಯಾದರೋ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ; ಸೂಕ್ಷ್ಮಜೀವಿಗಳೂ 2002ರ ಜೀವವೈವಿಧ್ಯ ಅಧಿನಿಯಮದ ವ್ಯಾಪ್ತಿಗೆ ಸೇರುತ್ತವೆ. ಗುಹೆಯ ಸಮತೋಲ ಎಷ್ಟು ಸೂಕ್ಷ್ಮವೆಂಬುದಕ್ಕೆ ಫ್ರಾನ್ಸಿನ ಲಾಸ್ಕೋ ಸಾಕ್ಷಿ. ಅಸಂಖ್ಯ ಪ್ರೇಕ್ಷಕರ ಉಸಿರು ಮತ್ತು ದೀಪಗಳಿಂದ ಗೋಡೆಗೆ ಪಾಚಿ ಹಿಡಿದ ಕಾರಣ 1963ರಲ್ಲಿ ಅದನ್ನು ಸಾರ್ವಜನಿಕರಿಗೆ ಮುಚ್ಚಿದರು. 2001ರಲ್ಲಿ ಹಬ್ಬಿದ ಬೂಷ್ಟನ್ನು ತೊಡೆಯಲು ಬೆಂಜಾಲ್ಕೋನಿಯಂ ಕ್ಲೋರೈಡನ್ನು ಬಳಸಿದಾಗ, ಆ ವಿಷವನ್ನು ಸಹಿಸಬಲ್ಲ ಬ್ಯಾಕ್ಟೀರಿಯಗಳೇ ಅಲ್ಲಿ ಹೆಚ್ಚಿದವು. ಆಸ್ಪತ್ರೆಯಲ್ಲಿ ನಡೆಯುತ್ತಿರುವುದೇ ಅಲ್ಲಿ ಗೋಡೆಯ ಮೇಲೆ ನಡೆಯಿತು.

ಲಕ್ಷಾಂತರ ವರ್ಷಗಳಲ್ಲಿ ಕೂಡಿಬಂದ ಜೀವಸಮೂಹವನ್ನು ಒಂದು ದಿನದ ಅಜಾಗರೂಕತೆಯಿಂದ ಕೆಡಿಸಬಹುದು. ಅದನ್ನು ಮತ್ತೆ ಕೂಡಿಸುವುದು ಯಾವ ಪ್ರಯೋಗಶಾಲೆಗೂ ಸಾಧ್ಯವಲ್ಲ. ನಮ್ಮ ನಾಡಿನ ಸುಣ್ಣಕಲ್ಲಿನ ಗುಹೆಗಳಲ್ಲಿ ಕೆಲಸ ಮಾಡುವವರು ಅನುಮತಿಯೊಡನೆ, ಅತ್ಯಲ್ಪ ಮಾದರಿಯೊಡನೆ, ಬಾವಲಿಗಳಿಗೆ ತೊಂದರೆಯಾಗದಂತೆ ಮುಂದುವರಿಯಬೇಕು. ಹಾಗೆ ಮಾಡಿದಲ್ಲಿ ಇಂದು ದೊರೆಯದ ಔಷಧವು ಮುಂದಿನವರಿಗಾದರೂ ದೊರೆಯುವ ಅವಕಾಶ ಉಳಿಯುತ್ತದೆ.