ಸರ್ಪಸುತ್ತು
(ಅಂತಿಮ ಬಿ. ಎ.)

ಸರ್ಪಸುತ್ತು ಎಂಬ ಹೆಸರನ್ನು ಕೇಳದ ಹಳ್ಳಿ ನಮ್ಮ ನಾಡಿನಲ್ಲಿ ಇರಲಾರದು. ಸೊಂಟದ ಮೇಲೋ ಎದೆಯ ಪಕ್ಕದಲ್ಲೋ ಮೊದಲು ಉರಿ, ಸೂಜಿ ಚುಚ್ಚಿದಂಥ ನೋವು. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಅದೇ ಜಾಗ ಕೆಂಪೇರಿ, ನೀರು ತುಂಬಿದ ಗುಳ್ಳೆಗಳು ಪಟ್ಟಿಯಂತೆ ಸಾಲುಗಟ್ಟಿ ಏಳುತ್ತವೆ. ಬೆನ್ನಿನಿಂದ ಹೊರಟು ಹೊಟ್ಟೆಯ ಕಡೆಗೆ ಹರಿದುಬರುವ ಆ ಸಾಲನ್ನು ಕಂಡವರಿಗೆ ಹಾವಿನ ನೆನಪು ಬಂದುದರಲ್ಲಿ ಆಶ್ಚರ್ಯವೇನೂ ಇಲ್ಲ. ಹಾವಿನ ತಲೆಯೂ ಬಾಲವೂ ಒಂದುಗೂಡಿದರೆ ರೋಗಿ ಉಳಿಯುವುದಿಲ್ಲವೆಂಬ ಮಾತೂ ಅದರ ಬೆನ್ನಿಗೇ ಇದೆ.

ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ವೈದ್ಯಕ್ಕೆ ಸೇರಿದ ವಿಷಯವನ್ನು ಕುರಿತು ಬರೆಯಹೊರಟಿರುವುದು ಅಧಿಕಪ್ರಸಂಗವೆಂದು ಕೆಲವು ಮಿತ್ರರಿಗೆ ತೋರಬಹುದು. ಕಾರಣವಿಷ್ಟೆ. ಕಳೆದ ವರ್ಷ ನಮ್ಮ ಅಜ್ಜಿಗೆ ಸರ್ಪಸುತ್ತಾಯಿತು. ಊರಿನಲ್ಲಿ ಇಂಥದಕ್ಕೆ ಮದ್ದು ಹಾಕುವ ಹಿರಿಯರೊಬ್ಬರಿದ್ದಾರೆ. ಅವರು ಬಂದು ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ, ತಲೆ ಬಾಲ ಕೂಡದಂತೆ ಸಾಲಿನ ಎರಡು ತುದಿಗೂ ಗೆರೆ ಎಳೆದು, ನಡುವೆ ದಪ್ಪಗೆ ಬಳಿದರು. ಗರಿಕೆಯನ್ನೂ ಅಕ್ಕಿಯನ್ನೂ ಅರೆದು ಹಚ್ಚಲು ಹೇಳಿದರು. ಒಂದು ಕಾಸನ್ನೂ ಮುಟ್ಟಲಿಲ್ಲ. ಮೂರು ವಾರದಲ್ಲಿ ಗುಳ್ಳೆಗಳು ಒಣಗಿ ಹಕ್ಕಳೆ ಉದುರಿತು, ಮನೆಯವರೆಲ್ಲರೂ ಸಮಾಧಾನಪಟ್ಟರು. ಆದರೆ ನೋವು ಮಾತ್ರ ಹೋಗಲಿಲ್ಲ. ನಾನು ಇದನ್ನು ಬರೆಯುವ ಹೊತ್ತಿಗೆ ಏಳು ತಿಂಗಳಾಗಿವೆ. ಸೆರಗು ತಗುಲಿದರೂ ಅಜ್ಜಿ ಹಲ್ಲು ಕಚ್ಚುತ್ತಾಳೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಗುಳ್ಳೆ ಎದ್ದ ಆ ಮೊದಲ ಮೂರು ದಿನ ರಜೆಯ ಮೇಲೆ ಊರಿನಲ್ಲಿಯೇ ಇದ್ದೆ. ಏನು ಮಾಡಬೇಕೆಂಬುದು ನನಗೂ ತಿಳಿದಿರಲಿಲ್ಲ. ಆ ಮೇಲೆ ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲಿಗೆ ಈ ಹಾವು ಎಲ್ಲಿಂದ ಬರುತ್ತದೆ ಎಂಬುದು. ಅದು ಹೊರಗಿನಿಂದ ಬರುವುದೇ ಇಲ್ಲ. ಚಿಕ್ಕಂದಿನಲ್ಲಿ ನಮಗೆಲ್ಲ ಬರುವ ಸೀತಾಳೆ ಸಿಡುಬಿಗೂ ಸರ್ಪಸುತ್ತಿಗೂ ಕಾರಣ ಒಂದೇ ವೈರಾಣು. ಸಿಡುಬು ಇಳಿದು ಮಗು ಎದ್ದು ಆಡತೊಡಗಿದ ಮೇಲೂ ಈ ವೈರಾಣು ದೇಹವನ್ನು ಬಿಟ್ಟು ತೊಲಗುವುದಿಲ್ಲ. ಬೆನ್ನುಹುರಿಯ ಇಕ್ಕೆಲಗಳಲ್ಲಿರುವ ನರಗಂಟುಗಳನ್ನು ಹೊಕ್ಕು, ಅಲ್ಲಿ ಹತ್ತಾರು ವರ್ಷ ನಿದ್ರಿಸುತ್ತದೆ. ನಮ್ಮ ರಕ್ತದಲ್ಲಿನ ಕೆಲವು ಬಿಳಿಯ ಕಣಗಳು ಕಾವಲುಗಾರರಂತೆ ಅದನ್ನು ತಲೆಯೆತ್ತದಂತೆ ನೋಡಿಕೊಳ್ಳುತ್ತವೆ. ವಯಸ್ಸಾದಂತೆ ಕಾವಲು ಸಡಿಲವಾಗುತ್ತದೆ. ಕೆಲವು ರೋಗಗಳಿಂದಲೂ, ಕೆಲವು ಔಷಧಗಳಿಂದಲೂ ಸಡಿಲವಾಗುವುದುಂಟು. ಆಗ ಯಾವುದೋ ಒಂದು ನರಗಂಟಿನಲ್ಲಿ ವೈರಾಣು ಎಚ್ಚತ್ತು, ಆ ನರದ ದಾರಿ ಹಿಡಿದು ಚರ್ಮದವರೆಗೆ ಇಳಿದು ಬರುತ್ತದೆ. ಅಜ್ಜಿಯ ಮೈಮೇಲೆ ಹರಿದ ಹಾವು ಅವಳ ಬಾಲ್ಯದ ಸೀತಾಳೆ ಸಿಡುಬಿನದೇ.

ಈ ನಂಟನ್ನು ಕಂಡುಹಿಡಿದ ಕಥೆ ಸ್ವಾರಸ್ಯವಾಗಿದೆ. ಮನೆಯಲ್ಲಿ ದೊಡ್ಡವರಿಗೆ ಸರ್ಪಸುತ್ತಾದ ಮೇಲೆ ಮಕ್ಕಳಿಗೆ ಸೀತಾಳೆ ಸಿಡುಬು ಬರುವುದನ್ನು ಬುಡಾಪೆಸ್ಟ್ ನಗರದ ಬೋಕೈ ಎಂಬ ವೈದ್ಯರು 1892ರಲ್ಲಿ ಪ್ರಕಟಿಸಿದರು. ಮುಂದೆ 1950ರ ದಶಕದಲ್ಲಿ ಅಮೆರಿಕದ ಥಾಮಸ್ ವೆಲ್ಲರ್ ಎರಡು ರೋಗಗಳ ಗುಳ್ಳೆಗಳಿಂದಲೂ ವೈರಾಣುವನ್ನು ಬೆಳೆಸಿ, ಎರಡೂ ಒಂದೇ ಎಂದು ತೋರಿಸಿದರು. ಆದರೆ ನನಗೆ ಹೆಚ್ಚು ಪ್ರಿಯರಾದವರು ಇಂಗ್ಲೆಂಡಿನ ಸೈರೆನ್ಸೆಸ್ಟರ್ ಎಂಬ ಸಣ್ಣ ಊರಿನ ಹೋಪ್-ಸಿಂಪ್ಸನ್. ಅವರು ದೊಡ್ಡ ಆಸ್ಪತ್ರೆಯ ಪ್ರಾಧ್ಯಾಪಕರಲ್ಲ. ಜ್ವರ ಕೆಮ್ಮಿಗೆ ಮದ್ದು ಕೊಡುವ ಊರ ವೈದ್ಯರು. ತಮ್ಮಲ್ಲಿಗೆ ಬರುವ ರೋಗಿಗಳ ವಿವರವನ್ನು 1947ರಿಂದ 1962ರವರೆಗೆ ಹದಿನಾರು ವರ್ಷ ಬಿಡದೆ ಬರೆದಿಟ್ಟು, 192 ಮಂದಿಯ ಸರ್ಪಸುತ್ತನ್ನು ಲೆಕ್ಕ ಹಾಕಿ, ವಯಸ್ಸಿನೊಡನೆ ಈ ರೋಗ ಹೇಗೆ ಏರುತ್ತದೆಂಬುದನ್ನು ಕಂಡರು. ನಿದ್ರಿಸುವ ವೈರಾಣು, ಸಡಿಲವಾಗುವ ಕಾವಲು ಎಂಬ ವಿವರಣೆಯನ್ನು 1965ರಲ್ಲಿ ಮುಂದಿಟ್ಟವರು ಅವರೇ.

ಇನ್ನು ತಲೆ ಬಾಲ ಕೂಡುವ ಮಾತು. ಬೆನ್ನುಹುರಿಯಿಂದ ಹೊರಡುವ ಪ್ರತಿಯೊಂದು ನರಕ್ಕೂ ಚರ್ಮದ ಮೇಲೆ ಒಂದೊಂದು ಪಟ್ಟಿ ಜಹಗೀರಿಯಂತೆ ಸೇರಿದೆ. ಬಲಗಡೆಯ ನರಕ್ಕೆ ಬಲಗಡೆಯ ಪಟ್ಟಿ, ಎಡಗಡೆಯದಕ್ಕೆ ಎಡಗಡೆಯದು. ಮೈಯ ನಡುಗೆರೆಯ ಹತ್ತಿರ ಎರಡೂ ನಿಲ್ಲುತ್ತವೆ. ಒಂದು ನರಗಂಟಿನಿಂದ ಹೊರಟ ಗುಳ್ಳೆಗಳು ಆ ಒಂದು ಪಟ್ಟಿಯಲ್ಲಿಯೇ ಹರಡುವುದರಿಂದ ಹಾವು ಅರ್ಧ ಸುತ್ತಿಗೇ ನಿಂತುಬಿಡುತ್ತದೆ. ಈ ಪಟ್ಟಿಗಳ ನಕ್ಷೆಯನ್ನು ಮಾಡಲು ವೈದ್ಯರಿಬ್ಬರು ಸರ್ಪಸುತ್ತಿನ ರೋಗಿಗಳನ್ನೇ ಆಧಾರವಾಗಿ ಹಿಡಿದು 1900ರಲ್ಲಿ ಪ್ರಬಂಧ ಬರೆದರು. ಅವರಲ್ಲಿ ಒಬ್ಬರ ಹೆಸರು ಹೆನ್ರಿ ಹೆಡ್. ಹಾವಿನ ತಲೆಯನ್ನು ಹುಡುಕಿಕೊಂಡು ಹೋದ ನನಗೆ ಸಿಕ್ಕವರ ಹೆಸರೇ ತಲೆ! ದೇಹದ ಕಾವಲು ತೀರ ಕುಸಿದವರಲ್ಲಿ ಮಾತ್ರ ಗುಳ್ಳೆಗಳು ಗಡಿ ದಾಟಿ ಮೈಯೆಲ್ಲ ಹರಡುವುದುಂಟು. ಅಂಥವರಿಗೆ ರೋಗ ನಿಜವಾಗಿಯೂ ಅಪಾಯಕರ. ಅಜ್ಜಂದಿರ ಮಾತು ಇಂಥ ಎಲ್ಲೋ ಒಂದನ್ನು ಕಂಡು ಹುಟ್ಟಿರಬಹುದೆಂದು ನನ್ನ ಊಹೆ. ಸುತ್ತಿನ ಕಲ್ಪನೆಯಂತೂ ನಮ್ಮದೊಂದೇ ಅಲ್ಲ: ಪಾಶ್ಚಾತ್ಯ ವೈದ್ಯದಲ್ಲಿ ಬಳಕೆಯಲ್ಲಿರುವ ‘ಜೋಸ್ಟರ್’ ಎಂಬ ಗ್ರೀಕ್ ಪದಕ್ಕೂ ನಡುಪಟ್ಟಿ ಎಂದೇ ಅರ್ಥ.

ಕೆಂಪು, ಬಿಸಿ, ಬಾವು, ನೋವು ಎಂಬ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಕ್ರಿಸ್ತಶಕ ಒಂದನೆಯ ಶತಮಾನದಲ್ಲಿಯೇ ಹೇಳಿದ್ದಾನೆ. ಇದೇ ಉರಿಯೂತ. ಚರ್ಮದ ಉರಿಯೂತ ಕಣ್ಣಿಗೆ ಕಾಣುತ್ತದೆ. ಆದರೆ ಸರ್ಪಸುತ್ತಿನಲ್ಲಿ ಒಳಗಿನ ನರಗಂಟೂ ನರವೂ ಅದರಂತೆಯೇ ಊದಿಕೊಂಡು ಬೇಯುತ್ತಿರುತ್ತವೆ. ಮೇಲಿನದು ವಾಸಿಯಾದರೂ ಒಳಗಿನ ನರ ಗಾಯಗೊಂಡೇ ಉಳಿದರೆ, ನೋಯುವ ಕಾರಣವಿಲ್ಲದಿದ್ದರೂ ಅದು ನೋವಿನ ಸುದ್ದಿಯನ್ನು ಮಿದುಳಿಗೆ ಕಳುಹಿಸುತ್ತಲೇ ಇರುತ್ತದೆ. ಅಜ್ಜಿಗೆ ಆಗಿರುವುದು ಇದು. ವಯಸ್ಸು ಹೆಚ್ಚಿದಷ್ಟೂ ಇದು ಉಳಿಯುವ ಸಂಭವ ಹೆಚ್ಚು.

ಹಾಗಾದರೆ ಕೆಮ್ಮಣ್ಣು ಏನು ಮಾಡಿತು? ಇಲ್ಲಿ ನ್ಯಾಯವಾಗಿ ಮಾತನಾಡಬೇಕು. ಏನೂ ಮಾಡದೆ ಬಿಟ್ಟರೂ ಗುಳ್ಳೆಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಒಣಗಿ ಹೋಗುತ್ತವೆ. ಆದುದರಿಂದ ಯಾವ ಮದ್ದು ಹಚ್ಚಿದರೂ ಆ ಮದ್ದಿಗೆ ಕೀರ್ತಿ ಬರುವುದು ಖಂಡಿತ. ಹಾಗೆಂದು ಕೆಮ್ಮಣ್ಣಿನಲ್ಲಿ ಹುರುಳಿಲ್ಲವೆಂದಲ್ಲ. ಒದ್ದೆ ಮಣ್ಣು ಒಣಗುವಾಗ ತಂಪಾಗುತ್ತದೆ. ಸೋರುವ ನೀರನ್ನು ಹೀರುತ್ತದೆ. ಔಷಧದ ಅಂಗಡಿಯಲ್ಲಿ ಸಿಗುವ ಕ್ಯಾಲಮೈನ್ ಎಂಬ ಗುಲಾಬಿ ಬಣ್ಣದ ದ್ರವವನ್ನು ವೈದ್ಯರೂ ಇದಕ್ಕೆ ಹಚ್ಚಿಸುತ್ತಾರೆ. ಅದರ ಗುಲಾಬಿ ಬಣ್ಣಕ್ಕೆ ಕಾರಣ ಕಬ್ಬಿಣದ ಆಕ್ಸೈಡು. ಕೆಮ್ಮಣ್ಣಿನ ಕೆಂಪಿಗೂ ಕಾರಣ ಅದೇ! ಇದನ್ನು ಓದಿದ ದಿನ ನನಗೆ ಬಹಳ ಸಂತೋಷವಾಯಿತು. ಆದರೆ ಒಂದು ಭೇದ: ನೆಲದಿಂದ ಅಗೆದ ಮಣ್ಣಿನಲ್ಲಿ ರೋಗಾಣುಗಳಿರುತ್ತವೆ. ಒಡೆದ ಗುಳ್ಳೆಗೆ ಅದನ್ನು ಮೆತ್ತಿದರೆ ಹುಣ್ಣು ಕೀವು ಕಟ್ಟಬಹುದು. ಬೇವು, ಗರಿಕೆ, ಅರಿಶಿನಗಳಿಗೂ ಇದೇ ಮಾತು. ಚೊಕ್ಕಟವಾದ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಇಡುವುದು ಇವೆಲ್ಲಕ್ಕಿಂತ ನಿರಪಾಯ. ಇವು ಯಾವುವೂ ಬೆನ್ನಿನ ನರಗಂಟನ್ನು ಮುಟ್ಟಲಾರವೆಂಬುದೇ ಮುಖ್ಯ.

ಅಲ್ಲಿಗೆ ತಲುಪುವ ಔಷಧಗಳು ಬೇರೆ ಇವೆ. ಅವುಗಳಲ್ಲಿ ಹಳೆಯದು ಅಸೈಕ್ಲೊವಿರ್. ಇದನ್ನು ರೂಪಿಸಿದ ಸಂಶೋಧಕ ತಂಡದ ಮುಖಂಡರಾದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಪಾರಿತೋಷಕ ಬಂತು. ಅಜ್ಜನು ಕ್ಯಾನ್ಸರಿನಿಂದ ಸತ್ತುದನ್ನು ಕಂಡು ಹದಿನೈದನೆಯ ವಯಸ್ಸಿನಲ್ಲಿ ವಿಜ್ಞಾನಕ್ಕೆ ಬಂದ ಆಕೆಗೆ, ಹೆಂಗಸೆಂಬ ಕಾರಣದಿಂದ ಪ್ರಯೋಗಶಾಲೆಯಲ್ಲಿ ಕೆಲಸ ದೊರೆಯುವುದೇ ಕಷ್ಟವಾಗಿತ್ತಂತೆ. ಇರಲಿ. ಈ ಔಷಧವನ್ನು ಗುಳ್ಳೆ ಎದ್ದ 72 ಗಂಟೆಗಳೊಳಗೆ ಆರಂಭಿಸಬೇಕೆಂಬುದು ವೈದ್ಯರ ನಿಯಮ. ದಿನಕ್ಕೆ ಐದು ಬಾರಿಯಂತೆ ಏಳು ದಿನ ನುಂಗತಕ್ಕದ್ದು. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಪ್ರಮಾಣ ಬೇರೆ, ಆದುದರಿಂದ ವೈದ್ಯರೇ ಕೊಡಬೇಕು. ವೈರಾಣು ಬೆಳೆಯುವುದು ಬೇಗ ನಿಂತಷ್ಟೂ ಆಗಿನ ನೋವೂ ಗಾಯವೂ ಬೇಗ ತಗ್ಗುತ್ತವೆ. ನಮ್ಮ ಮನೆಯ ಆ ಮೂರು ದಿನಗಳು ಗೆರೆ ಎಳೆಯುವುದರಲ್ಲಿ ಕಳೆದವು. ಹಣೆಯ ಮೇಲೋ ಮೂಗಿನ ತುದಿಯಲ್ಲೋ ಗುಳ್ಳೆ ಕಂಡರೆ ಕಣ್ಣಿಗೇ ಅಪಾಯವಿರುವುದರಿಂದ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಸೀತಾಳೆ ಸಿಡುಬು ಬಾರದಿರುವ ಬಸುರಿಯರೂ ಮಕ್ಕಳೂ ಗುಳ್ಳೆಯ ನೀರನ್ನು ಮುಟ್ಟಬಾರದು. ಅವರಿಗೆ ಸರ್ಪಸುತ್ತಲ್ಲ, ಸಿಡುಬು ಅಂಟುತ್ತದೆ.

ಗಿಡಮೂಲಿಕೆಯ ಮೇಲೆ ವಿಶ್ವಾಸವುಳ್ಳವರು ನಿರಾಶರಾಗಬೇಕಾಗಿಲ್ಲ. ಉಳಿದ ನೋವಿಗೆ ಇರುವ ಮದ್ದುಗಳಲ್ಲಿ ಒಂದು ನಮ್ಮ ಮೆಣಸಿನಕಾಯಿಯಿಂದ ಬಂದದ್ದು. ಅದರ ಖಾರದ ಸತ್ತ್ವ ಕ್ಯಾಪ್ಸೈಸಿನ್; ನರದ ತುದಿಯಲ್ಲಿ ಸುಡುವ ಬಿಸಿಯನ್ನು ಅರಿಯುವ ಬಾಗಿಲನ್ನೇ ಅದು ತಟ್ಟುತ್ತದೆ. ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಆ ಬಾಗಿಲನ್ನು ಗುರುತಿಸಿದ್ದು 1997ರಲ್ಲಿ. 2021ರ ನೊಬೆಲ್ ಪಾರಿತೋಷಕದಲ್ಲಿ ಜೂಲಿಯಸ್ ಅವರಿಗೆ ಪಾಲು ಬಂತು. ಬಾಗಿಲನ್ನು ಬಲವಾಗಿ ತಟ್ಟಿದರೆ ನರದ ತುದಿ ದಣಿದು ಕೆಲವು ವಾರ ಸುಮ್ಮನಾಗುತ್ತದೆ. ಶೇಕಡಾ 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಗೆ ಅಮೆರಿಕದಲ್ಲಿ 2009ರಲ್ಲಿ ಅನುಮತಿ ದೊರೆಯಿತು. ಅದನ್ನು ವಾಸಿಯಾದ ಚರ್ಮದ ಮೇಲೆ ವೈದ್ಯರೇ ಅಂಟಿಸಬೇಕು. ಯಾರೂ ಮನೆಯ ಖಾರವನ್ನು ಅರೆದು ಹಚ್ಚಬಾರದು. ಅಜ್ಜಿಗೆ ಇದನ್ನು ಹೇಳಿದಾಗ, “ಉರಿಗೆ ಉರಿಯೇ ಮದ್ದಾ? ಓದಿಸಿದ್ದು ಇದಕ್ಕೇನೋ?” ಎಂದು ನಕ್ಕಳು. ಏಳು ತಿಂಗಳಲ್ಲಿ ಅವಳು ನಕ್ಕದ್ದು ಕಡಿಮೆ.

ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತೇವೆಂದು ಹೇಳುವ ಪುಡಿ, ಲೇಹ್ಯಗಳ ಜಾಹೀರಾತು ಈಗ ಎಲ್ಲೆಲ್ಲೂ ಇದೆ. ಅವುಗಳಿಗಿಂತ ಒಳ್ಳೆಯ ಪರೀಕ್ಷೆ ಅಮೆರಿಕದಲ್ಲಿ ನಡೆದು 2007ರಲ್ಲಿ ಪ್ರಕಟವಾಯಿತು. 59ರಿಂದ 86 ವರ್ಷದ 112 ಮಂದಿಯಲ್ಲಿ ಅರ್ಧ ಜನಕ್ಕೆ ಹದಿನಾರು ವಾರ ತಾಯ್ ಚಿ ಎಂಬ ಚೀನೀ ನಿಧಾನ ವ್ಯಾಯಾಮವನ್ನು ಕಲಿಸಿದರು. ಉಳಿದವರಿಗೆ ಆರೋಗ್ಯದ ಉಪನ್ಯಾಸ. ವ್ಯಾಯಾಮ ಮಾಡಿದವರಲ್ಲಿ ಈ ವೈರಾಣುವಿನ ವಿರುದ್ಧದ ಕಾವಲು ಸುಮಾರು ಎರಡರಷ್ಟು ಹೆಚ್ಚು ಏರಿತ್ತು. ಉಪನ್ಯಾಸ ಕೇಳಿದವರಿಗೆ ಅಷ್ಟು ಲಾಭವಾಗಲಿಲ್ಲವೆಂಬುದನ್ನು ನಮ್ಮ ಗುರುಗಳು ಮನ್ನಿಸಬೇಕು. ಆದರೂ ಅಳೆದದ್ದು ರಕ್ತದಲ್ಲಿನ ಶಕ್ತಿಯನ್ನೇ ಹೊರತು, ಎಷ್ಟು ಮಂದಿಗೆ ಸರ್ಪಸುತ್ತು ತಪ್ಪಿತೆಂಬುದನ್ನಲ್ಲ.

ಅದನ್ನು ಅಳೆದು ತೋರಿಸಿದ್ದು ಲಸಿಕೆ. ಐವತ್ತು ದಾಟಿದವರಿಗೆ ಎರಡು ಬಾರಿ ಚುಚ್ಚುವ ಈ ಲಸಿಕೆಯು 2015ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಶೇಕಡಾ 97ರಷ್ಟು ರಕ್ಷಣೆ ನೀಡಿತು. ನಮ್ಮ ದೇಶಕ್ಕೆ 2023ರಲ್ಲಿ ಬಂತು. ಅದಕ್ಕೆ ಬಲ ಕೊಡುವ ದ್ರವ್ಯಗಳಲ್ಲಿ ಒಂದನ್ನು ಚಿಲಿ ದೇಶದ ಒಂದು ಮರದ ತೊಗಟೆಯಿಂದ ತೆಗೆಯುತ್ತಾರೆ. ಆ ತೊಗಟೆಯೂ ನಮ್ಮ ಅಂಟುವಾಳದಂತೆ ನೀರಿನಲ್ಲಿ ನೊರೆ ಬಿಡುತ್ತದೆ. ಎರಡರಲ್ಲಿಯೂ ಇರುವುದು ಸಪೋನಿನ್ ಎಂಬ ಒಂದೇ ಬಗೆಯ ವಸ್ತು. ಲಸಿಕೆಯ ಬೆಲೆ ಮಾತ್ರ ನಮ್ಮಂಥ ಮನೆಗಳ ತಿಂಗಳ ಸಂಪಾದನೆಯನ್ನು ನುಂಗುವಷ್ಟಿದೆ. ಇದು ಸರ್ಕಾರದ ಆಸ್ಪತ್ರೆಗಳಲ್ಲಿ ಮುದುಕರಿಗೆ ಧರ್ಮಾರ್ಥವಾಗಿ ದೊರೆಯಬೇಕೆಂಬುದು ನನ್ನ ಅಭಿಪ್ರಾಯ.

ಅಜ್ಜಿ ಈಗ ನರದ ನೋವಿಗೆ ಮಾತ್ರೆ ನುಂಗುತ್ತಿದ್ದಾಳೆ. ರಾತ್ರಿ ನಾಲ್ಕು ಗಂಟೆ ನಿದ್ದೆ ಬರುತ್ತದೆ. ದಸರೆಯ ರಜೆಯಲ್ಲಿ ಊರಿಗೆ ಹೋದಾಗ ಮದ್ದು ಹಾಕುವ ಹಿರಿಯರನ್ನು ಕಂಡು 72 ಗಂಟೆಯ ವಿಷಯವನ್ನು ಅಂಜುತ್ತಲೇ ತಿಳಿಸಿದೆ. ಅವರು ಕೋಪಿಸಿಕೊಳ್ಳಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಮೊದ್ಲು ಆಸ್ಪತ್ರೆಗೆ ಕಳಿಸಿ, ಆಮೇಲೆ ನಾನು ಗೆರೆ ಎಳೆದರೆ ಆಗ್ತದೇನಪ್ಪಾ?” ಎಂದು ಕೇಳಿದರು. ಹುಣ್ಣನ್ನು ಬಿಟ್ಟು ಸುತ್ತಲಿನ ಒಳ್ಳೆಯ ಚರ್ಮದ ಮೇಲೆ ಎಳೆಯಿರಿ ಎಂದೆ. ಕಳೆದ ತಿಂಗಳು ಪಕ್ಕದ ಕೇರಿಯ ಒಬ್ಬರನ್ನು ಗುಳ್ಳೆ ಎದ್ದ ಮಾರನೆಯ ದಿನವೇ ತಾವೇ ನಿಂತು ಬಸ್ಸು ಹತ್ತಿಸಿದರೆಂದು ಅಪ್ಪ ಹೇಳಿದರು.