ಹೊತ್ತವರು ಹೇಳಿದಂತೆ ಬದಲಾದ ಸ್ಟ್ರೆಚರ್

ತರೀಕೆರೆ ಕಡೆಯಿಂದ ಕೆಮ್ಮಣ್ಣುಗುಂಡಿಗೆ ಹತ್ತುವಾಗ ಡಾಂಬರು ಇರುವತನಕ 108 ಆಂಬುಲೆನ್ಸ್‌ನ ಗಾಲಿ ಸ್ಟ್ರೆಚರ್ ಸಾಕು. ಅಲ್ಲಿನ ಜೆಡ್ ಪಾಯಿಂಟ್‌ನ ಕಾಲುದಾರಿಯಲ್ಲಿ ಯಾರಾದರೂ ಜಾರಿ ಕಾಲು ಮುರಿದುಕೊಂಡರೆ ಆ ಗಾಲಿ ಉರುಳದು. ಇಬ್ಬರು ಅಕ್ಕಪಕ್ಕ ನಡೆಯಲಾಗದ ಕಡೆ ಆರು ಜನ ಹಿಡಿಯುವ ಸ್ಟ್ರೆಚರ್ ತಂದು ಮಾಡುವುದೇನು?

ಮಲೆನಾಡಿನವರು ಇದಕ್ಕೆ ಕಂಡುಕೊಂಡದ್ದು ಜೋಲಿ. ಗಟ್ಟಿ ಬಿದಿರ ಗಳಕ್ಕೆ ಕಂಬಳಿ ಕಟ್ಟಿ ಮುಂದೊಬ್ಬ, ಹಿಂದೊಬ್ಬ ಹೆಗಲು ಕೊಡುವುದು. ರಸ್ತೆಯಿಲ್ಲದ ಊರುಗಳ ರೋಗಿಗಳು ಈಗಲೂ ಹೀಗೆ ಇಳಿದು ಬರುತ್ತಾರೆ. ಗಳ ಹೆಗಲು ಕೊರೆದರೆ ಹೊತ್ತವನೇ ಮುಂದಿನ ಸಲ ಟವೆಲ್ ಸುತ್ತುತ್ತಾನೆ. ಅವನೇ ಬಳಸುವವನು, ಅವನೇ ತಯಾರಕ. ಆದರೂ ಜೋಲಿಗೊಂದು ದೊಡ್ಡ ದೋಷವಿದೆ. ಬೆನ್ನುಮೂಳೆಗೆ ಪೆಟ್ಟು ಬಿದ್ದವರನ್ನು ಅದು ಬಿಲ್ಲಿನಂತೆ ಬಗ್ಗಿಸಿಬಿಡುತ್ತದೆ.

ಬಿದಿರಿನದೇ ಆದರೂ ಬಗ್ಗದ ಸ್ಟ್ರೆಚರ್ ಇತ್ತು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಬ್ರಿಟಿಷ್ ನೌಕಾಪಡೆಗೆ ಬಂದ ನೀಲ್ ರಾಬರ್ಟ್‌ಸನ್ ಸ್ಟ್ರೆಚರ್. ಕ್ಯಾನ್ವಾಸಿಗೆ ಬಿದಿರ ಪಟ್ಟಿ ಹೊಲಿದು, ಗಾಯಾಳುವನ್ನು ಅದರಲ್ಲಿ ಬಿಗಿಯಾಗಿ ಸುತ್ತಿ, ಹಡಗಿನ ಇಕ್ಕಟ್ಟಾದ ತಳಕೋಣೆಗಳಿಂದ ನೆಟ್ಟಗೆ ಮೇಲೆತ್ತಬಹುದಿತ್ತು. ಅದಕ್ಕೆ ಮಾದರಿಯಾದದ್ದು ಜಪಾನಿನ ಬಿದಿರ ಸ್ಟ್ರೆಚರ್.

ಬೆಟ್ಟಕ್ಕೆಂದೇ ಹುಟ್ಟಿದ ಸ್ಟ್ರೆಚರಿನ ಕಥೆ ಶುರುವಾಗುವುದು ಒಂದು ಅವಘಡದಿಂದ. 1928ರಲ್ಲಿ ಇಂಗ್ಲೆಂಡಿನ ಲ್ಯಾಡೋ ಬಂಡೆಯಲ್ಲಿ ಎಡ್ಗರ್ ಪ್ರೈಯರ್ ಎಂಬ ಆರೋಹಿ ಬಿದ್ದ. ಜೊತೆಗಾರರು ಕೈಗೆ ಸಿಕ್ಕದ್ದರಿಂದ ಮಾಡಿಕೊಂಡ ಸ್ಟ್ರೆಚರಿನ ಮೇಲೆ ತಾಸುಗಟ್ಟಲೆ ಹೊತ್ತು ತಂದರು. ಕೊನೆಗೆ ಅವನ ಕಾಲನ್ನೇ ಕತ್ತರಿಸಬೇಕಾಯಿತು. ಕಾಲು ಹೋದದ್ದಕ್ಕೆ ಬಿದ್ದದ್ದಕ್ಕಿಂತ ಹೊತ್ತು ತಂದ ರೀತಿಯೇ ಹೆಚ್ಚು ಕಾರಣ ಎಂದು ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ವಿಲ್ಸನ್ ಹೇ ನಂಬಿದ್ದರು. ಆರೋಹಿಗಳ ಸಂಘಗಳು ಸೇರಿ ಸ್ಟ್ರೆಚರಿಗಾಗಿಯೇ ಸಮಿತಿ ಮಾಡಿದವು. ಎಂಜಿನಿಯರೂ ಬೆಟ್ಟ ಸುತ್ತುವವರೂ ಆಗಿದ್ದ ಯೂಸ್ಟಸ್ ಥಾಮಸ್, ಕಲ್ಲಿನ ಮೇಲೆ ಎಳೆಯಲು ಬರುವಂತೆ ಮರದ ಜಾರುಪಟ್ಟಿಗಳಿರುವ ಸ್ಟ್ರೆಚರ್ ರೂಪಿಸಿದರು. ದಶಕಗಳ ಕಾಲ ಬ್ರಿಟನ್ನಿನ ಪರ್ವತ ರಕ್ಷಣಾ ತಂಡಗಳು ನೆಚ್ಚಿದ್ದು ಅದನ್ನೇ. 1970ರ ದಶಕದಲ್ಲಿ ಪೀಟರ್ ಬೆಲ್ ತಂದ ಸ್ಟ್ರೆಚರ್ ಎರಡು ತುಂಡಾಗುತ್ತದೆ, ಇಬ್ಬರು ಬೆನ್ನಿಗೆ ಹಾಕಿಕೊಂಡು ಹತ್ತಬಹುದು. ಖಾಲಿ ಸ್ಟ್ರೆಚರೇ ಎಷ್ಟು ದೊಡ್ಡ ಹೊರೆ ಎಂಬುದು ಹೊತ್ತವರಿಗಷ್ಟೇ ಗೊತ್ತು. ಬೆಲ್ ಸ್ವತಃ ರಕ್ಷಣಾ ತಂಡದಲ್ಲಿದ್ದವರು.

ಬಳಸುವವರ ಮಾತು ಕೇಳಿ ಸಾಧನ ರೂಪಿಸುವುದು ನಮ್ಮಲ್ಲಿ ಆಗಿಲ್ಲವೆಂದಲ್ಲ. ನಕ್ಸಲ್ ಪ್ರದೇಶಗಳ ಕಿರುದಾರಿಗಳಲ್ಲಿ ಗಾಯಾಳುಗಳನ್ನು ಸಾಗಿಸಲು ಪರದಾಡುತ್ತಿದ್ದ ಸಿಆರ್‌ಪಿಎಫ್‌ಗಾಗಿ ಡಿಆರ್‌ಡಿಒ ಸಂಸ್ಥೆಯೊಂದು ‘ರಕ್ಷಿತಾ’ ಬೈಕ್ ಆಂಬುಲೆನ್ಸ್ ರೂಪಿಸಿ 2021ರ ಜನವರಿಯಲ್ಲಿ ಒಪ್ಪಿಸಿತು. ಬೇಕಾದವರು ಕೇಳಿದರು, ಮಾಡುವವರು ಮಾಡಿದರು.

ಕೆಮ್ಮಣ್ಣುಗುಂಡಿ ಸುತ್ತಲಿನ ಕಲ್ಲತ್ತಿಗಿರಿ, ಹೆಬ್ಬೆಯ ಕಡೆಗೆ ಕೊಳ್ಳಬೇಕಾದದ್ದು ಯಾವ ಸ್ಟ್ರೆಚರ್ ಎಂದು ಕ್ಯಾಟಲಾಗ್ ನೋಡಿ ತೀರ್ಮಾನಿಸಿದರೆ ಹಣ ದಂಡ. ಮಳೆಯಲ್ಲಿ ಒದ್ದೆಯಾದ ಬೆಲ್ಟು ಸಡಿಲವಾಯಿತೇ, ಕೈ ಜಾರಿತೇ, ಇಳಿಜಾರಿನಲ್ಲಿ ಹಿಂದಿನವನ ಹೆಗಲಿಗೆ ಎಷ್ಟು ಭಾರ ಬಿತ್ತು? ಇದನ್ನೆಲ್ಲ ಅಲ್ಲಿನ ಅರಣ್ಯ ಸಿಬ್ಬಂದಿಯನ್ನೂ ಜೀಪ್ ಚಾಲಕರನ್ನೂ ಕೇಳಬೇಕು. ಉತ್ತರ ಹೋಗಿ ಮುಟ್ಟಬೇಕಾದ್ದು ಟೆಂಡರ್ ಕಡತಕ್ಕಲ್ಲ, ವೆಲ್ಡಿಂಗ್ ಶೆಡ್ಡಿಗೆ.