ಒಂದೇ ಓಟಿನಿಂದ ಉಳಿದ ಕಾಡು

ಮಿಸ್ಸಿಸ್ಸಿಪ್ಪಿ ಅಂದ್ರೆ ನಮಗೆಲ್ಲ ಏನು? ಹೈಸ್ಕೂಲಿನ ಭೂಗೋಳದಲ್ಲಿ ಬಂದ ಒಂದು ಹೆಸರು, ಸ್ಪೆಲ್ಲಿಂಗ್ ಉರು ಹೊಡೆದ ನೆನಪು. ಅಷ್ಟೇ. ಆ ನದಿ ಹುಟ್ಟೋ ಜಾಗದ ಪಕ್ಕದಲ್ಲೇ ಟೆಂಟ್ ಹಾಕ್ಕೊಂಡು ಮಲಗಬಹುದು, ಬೆಳಿಗ್ಗೆ ಎದ್ದು ಪ್ಯಾಂಟ್ ಮಡಚಿಕೊಂಡು ಅದನ್ನ ನಡೆದೇ ದಾಟಬಹುದು ಅನ್ನೋದು ಮಿನಿಯಾಪೊಲಿಸ್‌ಗೆ ಕೆಲಸಕ್ಕೆ ಬಂದ ಮೇಲೇ ನನಗೆ ಗೊತ್ತಾಗಿದ್ದು. ಅಮೆರಿಕದ ಮಿನೆಸೋಟ ರಾಜ್ಯದ ಉತ್ತರದಲ್ಲಿರೋ ಆ ಜಾಗದ ಹೆಸರು ಇಟಾಸ್ಕ ಸ್ಟೇಟ್ ಪಾರ್ಕ್.

ಪಾರ್ಕ್ ಅಂದ ಕೂಡಲೇ ಕಲ್ಲುಬೆಂಚು, ಜಾರುಬಂಡಿ, ಕಡಲೆಕಾಯಿ ಮಾರೋರು ಕಣ್ಣಿಗೆ ಬಂದರೆ ಅಳಿಸಿಬಿಡಿ. ಸ್ಟೇಟ್ ಪಾರ್ಕ್ ಅಂದರೆ ರಾಜ್ಯ ಸರ್ಕಾರ ಕಾಪಾಡಿಕೊಂಡು ಬಂದಿರೋ ಕಾಡು. ಇಟಾಸ್ಕ 32,000 ಎಕರೆಗೂ ಹೆಚ್ಚು. ಒಳಗೆ ನೂರಕ್ಕೂ ಹೆಚ್ಚು ಕೆರೆ, ಸರೋವರಗಳು. ಎಲ್ಲಿ ನೋಡಿದರೂ ಪೈನ್ ಮರ. ಈ ಬೇಸಿಗೆಯಲ್ಲಿ ಅರಸೀಕೆರೆಯಿಂದ ಅಮ್ಮ ಬಂದಿದ್ದರು. ನಾನು, ನನ್ನ ಗಂಡ, ಅಮ್ಮ ಮೂರೂ ಜನ ಕಾರಲ್ಲಿ ನಾಲ್ಕು ಗಂಟೆ ಹೋಗಿ ಎರಡು ರಾತ್ರಿ ಇದ್ದು ಬಂದೆವು. ಅಮ್ಮನಿಗೆ ಟೆಂಟ್ ಅಂದರೆ ಜಾತ್ರೆ ಸಿನಿಮಾ ಟೆಂಟೇ. "ಮನೆ ಇಟ್ಕೊಂಡು ಕಾಡಲ್ಲಿ ಯಾಕೆ ಮಲಗಬೇಕೇ?" ಅಂತ ದಾರಿಯುದ್ದಕ್ಕೂ ಕೇಳ್ತಾನೇ ಇದ್ದರು.

ಅಲ್ಲಿ ಹೋಗಿ ಬಂದವರೆಲ್ಲ ನದಿ ದಾಟಿದ ಫೋಟೋ ಹಾಕ್ತಾರೆ. ನನಗೆ ಅದಕ್ಕಿಂತ ಹೆಚ್ಚು ತಲೆಯಲ್ಲಿ ಉಳಿದದ್ದು, ಆ ಕಾಡು ಈಗ ಅಲ್ಲಿ ಇರೋದೇ ಎಷ್ಟು ಕೂದಲೆಳೆಯಲ್ಲಿ ತಪ್ಪಿದ ವಿಷಯ ಅನ್ನೋದು.

ಹತ್ತೊಂಬತ್ತನೇ ಶತಮಾನದ ಕೊನೆಗೆ ಮಿನೆಸೋಟದ ಉತ್ತರ ಭಾಗವೆಲ್ಲ ಮರ ಕಡಿಯೋರ ಕೈಯಲ್ಲಿತ್ತು. ನೂರಾರು ವರ್ಷದ ಪೈನ್ ಮರಗಳು ದಿಮ್ಮಿಗಳಾಗಿ ನದಿಯಲ್ಲಿ ತೇಲಿ ಊರುಗಳಿಗೆ ಹೋಗಿ ಮನೆಗಳಾಗುತ್ತಿದ್ದವು. ಅದೇ ಹೊತ್ತಿಗೆ ಇನ್ನೊಂದು ಜಗಳ ಎದ್ದಿತ್ತು. 1881ರಲ್ಲಿ ವಿಲ್ಲರ್ಡ್ ಗ್ಲೇಜಿಯರ್ ಅನ್ನೋನು ಬಂದು, ನದಿ ಹುಟ್ಟೋದು ಇಟಾಸ್ಕ ಸರೋವರದಲ್ಲಿ ಅಲ್ಲ, ಅದರ ದಕ್ಷಿಣಕ್ಕಿರೋ ಇನ್ನೊಂದು ಸಣ್ಣ ಸರೋವರದಲ್ಲಿ ಅಂತ ಘೋಷಿಸಿ, ಆ ಸರೋವರಕ್ಕೆ ತನ್ನದೇ ಹೆಸರಿಟ್ಟುಕೊಂಡ. ಈ ವ್ಯಾಜ್ಯ ತೀರ್ಮಾನ ಮಾಡೋಕೆ ಸರ್ವೆಗೆ ಬಂದವರು ಜೇಕಬ್ ಬ್ರೋವರ್. ಅಳೆದೂ ಸುರಿದೂ ಗ್ಲೇಜಿಯರ್‌ನ ವಾದವನ್ನ ತಳ್ಳಿಹಾಕಿದರು. ಆದರೆ ಅಳೆಯೋಕೆ ಬಂದ ಮನುಷ್ಯನ ಕಣ್ಣಿಗೆ ಬಿದ್ದದ್ದು ಮರಗಳು. ಇನ್ನು ಕೆಲವೇ ವರ್ಷಕ್ಕೆ ಇವೂ ಇರಲ್ಲ ಅಂತ ಅವರಿಗೆ ಅರ್ಥವಾಯಿತು.

ಬ್ರೋವರ್ ಓಡಾಡಿ, ಒತ್ತಡ ತಂದು, 1891ರ ಏಪ್ರಿಲ್ 20ಕ್ಕೆ ಮಿನೆಸೋಟದ ಮೊದಲ ಸ್ಟೇಟ್ ಪಾರ್ಕ್ ಆಗೋ ಹಾಗೆ ಮಾಡಿದರು. ಶಾಸನಸಭೆಯಲ್ಲಿ ಮಸೂದೆ ಗೆದ್ದದ್ದು ಒಂದೇ ಒಂದು ಓಟಿನಿಂದ. ಯಾರೋ ಒಬ್ಬ ಸದಸ್ಯ ಅವತ್ತು ಜ್ವರ ಬಂದು ಮನೆಯಲ್ಲಿ ಮಲಗಿದ್ದರೆ ಕಥೆ ಬೇರೆ ಆಗ್ತಿತ್ತು. ಹಾಗಂತ ಕಾಡು ಅವತ್ತೇ ಉಳಿಯಲಿಲ್ಲ. ಕಾನೂನು ಬಂತು, ದುಡ್ಡು ಬರಲಿಲ್ಲ. ಗಡಿಯೊಳಗಿನ ಎಷ್ಟೋ ಜಮೀನು ಇನ್ನೂ ಮರದ ಕಂಪನಿಗಳದ್ದೇ. ಮೊದಲ ಕಮಿಷನರ್ ಆದ ಬ್ರೋವರ್ ಸಂಬಳವಿಲ್ಲದೆ ಕೆಲಸ ಮಾಡಿದರು.

ಇನ್ನು ಮೇರಿ ಗಿಬ್ಸ್ ಕಥೆ. ನದಿಮೂಲದ ಹತ್ತಿರದ ಮಾಹಿತಿ ಕೇಂದ್ರಕ್ಕೆ ಇವಳದೇ ಹೆಸರು. ಅವಳ ತಂದೆ ಪಾರ್ಕಿನ ಕಮಿಷನರ್ ಆಗಿದ್ದರು, 1903ರಲ್ಲಿ ತೀರಿಕೊಂಡರು. ಗವರ್ನರ್ ಆ ಜಾಗಕ್ಕೆ ಮಗಳನ್ನೇ ನೇಮಿಸಿದರು. ವಯಸ್ಸು 24. ಅಮೆರಿಕದಲ್ಲಿ ಸ್ಟೇಟ್ ಪಾರ್ಕ್ ಒಂದರ ಉಸ್ತುವಾರಿ ಹೊತ್ತ ಮೊದಲ ಹೆಂಗಸು. ನಾನು 24ಕ್ಕೆ ಮೊದಲ ಕಂಪನಿಯಲ್ಲಿ ಮ್ಯಾನೇಜರ್ ಹತ್ತಿರ ಎರಡು ದಿನ ರಜ ಕೇಳೋಕೆ ಮೂರು ಸಲ ಮೇಲ್ ಬರೆದು ಅಳಿಸುತ್ತಿದ್ದೆ!

ಅವಳು ಅಧಿಕಾರಕ್ಕೆ ಬಂದಾಗ ಮರದ ಕಂಪನಿಯೊಂದು ಸರೋವರದ ನೀರು ಹೊರಬೀಳೋ ಕಡೆ ಅಣೆಕಟ್ಟು ಕಟ್ಟಿಕೊಂಡಿತ್ತು. ಲೆಕ್ಕ ಸುಲಭ: ಚಳಿಗಾಲದಲ್ಲಿ ಮರ ಕಡಿದು ರಾಶಿ ಹಾಕೋದು, ವಸಂತದಲ್ಲಿ ಹಿಮ ಕರಗಿದಾಗ ನೀರು ತಡೆದು ಮಟ್ಟ ಏರಿಸೋದು, ಆಮೇಲೆ ಗೇಟ್ ಎತ್ತಿ ಆ ರಭಸಕ್ಕೆ ದಿಮ್ಮಿಗಳನ್ನ ಕೆಳಕ್ಕೆ ತಳ್ಳೋದು. ನೀರು ನಿಂತಷ್ಟು ದಿನ ದಡದ ಮರಗಳ ಬೇರು ಮುಳುಗಿರುತ್ತೆ. ಬೇರಿಗೆ ಗಾಳಿ ಸಿಗದೆ ಮರ ನಿಂತಲ್ಲೇ ಸಾಯುತ್ತೆ. ಕಡಿಯದೆಯೇ ಪಾರ್ಕಿನ ಮರ ಸಾಯ್ತಿತ್ತು.

ಮೇರಿ ಅಣೆಕಟ್ಟಿಗೇ ಹೋಗಿ ಗೇಟ್ ತೆಗೀರಿ ಅಂದಳು. ಕಂಪನಿ ಕಡೆಯವನು, ಅದರ ಮೇಲೆ ಕೈ ಇಟ್ಟವರಿಗೆ ಗುಂಡು ಹೊಡೀತೀನಿ ಅಂದ. ಅವಳು ಕೈ ಇಟ್ಟಳು. ಗುಂಡು ಹಾರಲಿಲ್ಲ. ಕಂಪನಿ ಆಮೇಲೆ ಕೋರ್ಟಿಗೆ ಹೋಯಿತು. ಮೇರಿ ಆ ಹುದ್ದೆಯಲ್ಲಿದ್ದದ್ದು ಕೆಲವೇ ತಿಂಗಳು. ಸಿನಿಮಾ ಆಗಿದ್ದರೆ ಇಲ್ಲಿಗೆ ಮರ ಕಡಿಯೋದು ನಿಂತು ಎಲ್ಲರೂ ಚಪ್ಪಾಳೆ ತಟ್ಟಬೇಕಿತ್ತು. ನಿಜದಲ್ಲಿ ಪಾರ್ಕಿನ ಒಳಗೆ ಇನ್ನೂ ಹದಿನೈದು ವರ್ಷದ ಹತ್ತಿರ ಮರ ಉರುಳುತ್ತಲೇ ಇದ್ದವು. ಈಗ ನಿಂತಿರೋ ಹಳೇ ಮರಗಳು ಆ ಎಳೆದಾಟದಲ್ಲಿ ಉಳಿದುಕೊಂಡವು.

ಸರೋವರದ ಪೂರ್ವ ದಡದಲ್ಲಿ ಪ್ರೀಚರ್ಸ್ ಗ್ರೋವ್ ಅಂತ ಒಂದು ತೋಪಿದೆ. ಅಲ್ಲಿ 250 ವರ್ಷ ದಾಟಿದ ಕೆಂಪು ಪೈನ್‌ಗಳಿವೆ. ತೊಗಟೆ ಇಟ್ಟಿಗೆ ಬಣ್ಣ, ಬುಡದಿಂದ ಬಹಳ ಮೇಲಿನವರೆಗೂ ಒಂದು ಕೊಂಬೆ ಇಲ್ಲ. ಅಮ್ಮ ಒಂದು ಮರವನ್ನ ತಬ್ಬಿಕೊಳ್ಳೋಕೆ ನೋಡಿದರು, ಕೈ ಅರ್ಧಕ್ಕೂ ಸಾಕಾಗಲಿಲ್ಲ.

ಈಗ ಹೆಸರಿನ ವಿಷಯ. ಇಟಾಸ್ಕ ಅನ್ನೋದು ಯಾವುದೋ ಮೂಲನಿವಾಸಿ ಭಾಷೆಯ ಪದ ಅಂತ ನಾನು ಅಂದುಕೊಂಡಿದ್ದೆ, ಕೇಳೋಕೂ ಹಾಗೇ ಇದೆ ಅಲ್ವಾ? ಅಲ್ಲ. 1832ರಲ್ಲಿ ಹೆನ್ರಿ ಸ್ಕೂಲ್‌ಕ್ರಾಫ್ಟ್ ಇಲ್ಲಿಗೆ ಬಂದ. ದಾರಿ ತೋರಿಸಿದ್ದು ಓಜಾವಿಂಡಿಬ್ ಅನ್ನೋ ಒಜಿಬ್ವೆ ಮುಖಂಡ. ಒಜಿಬ್ವೆಗಳು ಈ ಸೀಮೆಯ ಮೂಲನಿವಾಸಿಗಳು, ಸರೋವರಕ್ಕೆ ಅವರ ಭಾಷೆಯಲ್ಲಿ ಎಲ್ಕ್ ಜಿಂಕೆಯ ಹೆಸರು ಆಗಲೇ ಇತ್ತು. ಸ್ಕೂಲ್‌ಕ್ರಾಫ್ಟ್ ಮಾಡಿದ್ದೇನು ಅಂದರೆ, ಲ್ಯಾಟಿನ್‌ನ 'ವೆರಿಟಾಸ್' ಅಂದರೆ ಸತ್ಯ, 'ಕಾಪುಟ್' ಅಂದರೆ ತಲೆ, ಎರಡನ್ನೂ ಜೋಡಿಸಿ ಮೊದಲ ಮೂರು, ಕೊನೆಯ ಮೂರು ಅಕ್ಷರ ಕತ್ತರಿಸಿದ. ಉಳಿದದ್ದು ಇಟಾಸ್ಕ. ಸ್ಟ್ರಿಂಗ್ ಆಪರೇಷನ್! ಕೋಡ್ ರಿವ್ಯೂಗೆ ಬಂದಿದ್ದರೆ ನಾನು ಪಾಸ್ ಮಾಡ್ತಿರಲಿಲ್ಲ. ದಾರಿ ತೋರಿಸಿದವರ ಪದವನ್ನೇ ಇಡೋದಕ್ಕೆ ಏನು ಅಡ್ಡಿ ಇತ್ತು? ತಮಾಷೆ ಅಂದರೆ ನದಿಯ ಹೆಸರು ಮಾತ್ರ ಅವರದ್ದೇ ಉಳಿದುಕೊಂಡಿತು. ಒಜಿಬ್ವೆಯಲ್ಲಿ ಮಿಸಿ-ಜೀಬಿ ಅಂದರೆ ದೊಡ್ಡ ನದಿ.

ಒಜಿಬ್ವೆಗಳಿಗಿಂತ ಹಿಂದಿನವರ ಗುರುತೂ ಪಾರ್ಕಿನಲ್ಲಿದೆ. 1937ರಲ್ಲಿ ರಸ್ತೆ ಮಾಡುವಾಗ ಪ್ರಾಣಿಗಳ ಮೂಳೆಗಳು ಸಿಕ್ಕವು. ಸುಮಾರು 8,000 ವರ್ಷದ ಹಿಂದೆ, ನೀರು ದಾಟಲು ಬಂದ ಕಾಡೆಮ್ಮೆಗಳನ್ನ, ಅಂದರೆ ಬೈಸನ್‌ಗಳನ್ನ, ಹೊಂಚು ಹಾಕಿ ಕೊಂದ ಬೇಟೆಗಾರರ ಜಾಗ ಅದು. ಈಗ ಅಲ್ಲಿ ನೋಡೋಕೆ ಒಂದು ಫಲಕ, ಒಂದಷ್ಟು ಜೌಗು, ಲೆಕ್ಕವಿಲ್ಲದಷ್ಟು ಸೊಳ್ಳೆ. ಬೇರೆ ಕಡೆ ಮೂಲನಿವಾಸಿಗಳ ಹಳೇ ಸಮಾಧಿ ದಿಬ್ಬಗಳೂ ಇವೆ. ಅಲ್ಲಿ ಜೋರಾಗಿ ಮಾತಾಡೋದು, ಸೆಲ್ಫಿ ತೆಗೆಯೋದು ಬೇಡ.

ಸರಿ, ನದಿ. ಸರೋವರದ ಉತ್ತರ ತುದಿಯಲ್ಲಿ ಸಾಲಾಗಿ ಕಲ್ಲುಗುಂಡುಗಳಿವೆ. ಅವುಗಳ ಸಂದಿಯಿಂದ ನೀರು ಆಚೆ ಬೀಳುತ್ತೆ. ಕಲ್ಲಿನ ಈಚೆಗೆ ಸರೋವರ, ಆಚೆಗೆ ಮಿಸ್ಸಿಸ್ಸಿಪ್ಪಿ. ಅಗಲ 20-30 ಅಡಿ. ಪಕ್ಕದಲ್ಲಿ ಒಂದು ಮರದ ಕಂಬ: ಸಮುದ್ರಮಟ್ಟದಿಂದ 1,475 ಅಡಿ ಎತ್ತರ, ಇಲ್ಲಿಂದ ಮೆಕ್ಸಿಕೋ ಕೊಲ್ಲಿಗೆ 2,552 ಮೈಲಿ ಅಂತ ಕೆತ್ತಿದ್ದಾರೆ. ನಮ್ಮ ಲೆಕ್ಕದಲ್ಲಿ 4,100 ಕಿಲೋಮೀಟರ್. ಇಲ್ಲಿನ ಒಂದು ಹನಿ ಸಮುದ್ರ ಸೇರೋಕೆ ಸುಮಾರು 90 ದಿನ ಬೇಕಂತೆ. ಅದೂ ನೇರ ದಕ್ಷಿಣಕ್ಕೆ ಹೋಗಲ್ಲ, ಮೊದಲು ಉತ್ತರಕ್ಕೆ ಹೋಗಿ ಸುತ್ತು ಹಾಕ್ಕೊಂಡು ಆಮೇಲೆ ಇಳಿಯುತ್ತೆ.

ಅಮ್ಮ ದಡದಲ್ಲಿ ಒಂದು ನಿಮಿಷ ನಿಂತು ನೋಡಿದರು.

"ಇಷ್ಟೇನೇ? ನಮ್ಮೂರ ಕೆರೆ ಕೋಡಿ ಬಿದ್ರೆ ಇದಕ್ಕಿಂತ ಜೋರಾಗಿ ಹರಿಯುತ್ತೆ."

ತಪ್ಪೇನಿಲ್ಲ, ಇದೂ ಒಂದು ಕೋಡಿಯೇ. ಅಷ್ಟೇ ಅಲ್ಲ, ಈ ಕಲ್ಲಿನ ಸಾಲು ಪ್ರಕೃತಿ ಇಟ್ಟದ್ದೂ ಅಲ್ಲ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದ ಹುಡುಗರಿಗೆ ಕೆಲಸ ಕೊಡೋಕೆ ಸರ್ಕಾರ ಸಿಸಿಸಿ ಅಂತ ಒಂದು ಪಡೆ ಮಾಡಿತ್ತು. ಪಾರ್ಕಿನ ಹಳೇ ಮರದ ಕಟ್ಟಡಗಳಲ್ಲಿ ಕೆಲವು ಅವರು ಕಟ್ಟಿದ್ದೇ. ನದಿ ಹೊರಡೋ ಜಾಗ ಆಗ ಬರೀ ಕೆಸರು, ಜೌಗು. ಬಂದವರಿಗೆ ಎಲ್ಲಿ ನಿಂತು ನೋಡಬೇಕು ಅನ್ನೋದೇ ಗೊತ್ತಾಗದ ಹಾಗಿತ್ತು. ಜೌಗು ಬಸಿದು, ಹೊಸ ಪಾತ್ರ ತೋಡಿ, ಕಲ್ಲು ಜೋಡಿಸಿದರು. ಫೋಟೋದಲ್ಲಿ ಚೆನ್ನಾಗಿ ಬರೋ ಈ ನದಿಮೂಲ ಒಂಥರಾ ಯೂಸರ್ ಇಂಟರ್‌ಫೇಸ್. ಸರೋವರಕ್ಕೇ ಹಿಂದಿನಿಂದ ತೊರೆಗಳು ನೀರು ತರುತ್ತವೆ, ಹಾಗಾದರೆ ಅವಲ್ಲವಾ ಮೂಲ ಅಂತ ಕೇಳಿದರೆ ಅದೂ ನ್ಯಾಯವೇ. ನದಿ ಇಲ್ಲೇ ಹುಟ್ಟುತ್ತೆ ಅಂತ ಗೆರೆ ಎಳೆದದ್ದು ಜನ. ನನಗೆ ಇದರಿಂದ ಬೇಜಾರೇನೂ ಆಗಲಿಲ್ಲ.

ಅಮ್ಮ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ತೀರ್ಥೋದ್ಭವ ನೋಡಿ ಬಂದವರು. ಅಲ್ಲಿನ ಪುಟ್ಟ ಕುಂಡಿಕೆ, ನೂಕುನುಗ್ಗಲು, ಬಿಂದಿಗೆ ಹಿಡಿದ ಜನ ನೆನೆಸಿಕೊಂಡು, "ಇಲ್ಲಿ ಪೂಜೆ-ಗೀಜೆ ಏನೂ ಇಲ್ವಾ?" ಅಂದರು. ಇದೆ, ಅಂದೆ. 2013ರಲ್ಲಿ ಒಜಿಬ್ವೆ ಹೆಂಗಸರ ನೇತೃತ್ವದಲ್ಲಿ ಒಂದಷ್ಟು ಜನ ಇಲ್ಲಿಂದ ತಾಮ್ರದ ಪಾತ್ರೆಯಲ್ಲಿ ನೀರು ತುಂಬಿಕೊಂಡು ಸಮುದ್ರದವರೆಗೂ ನಡೆದುಕೊಂಡು ಹೋದರು. ದಾರಿಯುದ್ದಕ್ಕೂ ಕೊಳೆಯಾಗುತ್ತಾ ಹೋಗೋ ನದಿಗೆ, ನೀನು ಹುಟ್ಟಿದಾಗ ಹೀಗಿದ್ದೆ ಅಂತ ತೋರಿಸೋಕೆ. "ತಾಮ್ರದ್ದಾ?" ಅಂತ ಅಮ್ಮ ಎರಡು ಸಲ ಕೇಳಿದರು. ಆಮೇಲೆ ಚಪ್ಪಲಿ ಬಿಟ್ಟು, ಸೀರೆ ಎತ್ತಿಕಟ್ಟಿ, ನನ್ನ ಗಂಡನ ಕೈ ಹಿಡಿದುಕೊಂಡು ನೀರಿಗಿಳಿದು ತಲೆಗೆ ಪ್ರೋಕ್ಷಣೆ ಮಾಡಿಕೊಂಡರು.

ಕ್ಯಾಂಪ್ ಬಗ್ಗೆ ಹೇಳಲೇಬೇಕು. ಎರಡು ಕ್ಯಾಂಪ್‌ಗ್ರೌಂಡ್ ಇವೆ, ಪೈನ್ ರಿಡ್ಜ್, ಬೇರ್ ಪಾ. ಒಟ್ಟು ಇನ್ನೂರಕ್ಕೂ ಹೆಚ್ಚು ಜಾಗ. ಪ್ರತಿ ಜಾಗಕ್ಕೂ ಒಂದು ಮೇಜು, ಬೆಂಕಿ ಹಾಕೋಕೆ ಕಬ್ಬಿಣದ ಬಳೆ. ಜೂನ್-ಜುಲೈನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತೆ. ನಾವು ಮುಸುಕಿನ ಜೋಳ ಸುಟ್ಟು ಉಪ್ಪು, ಖಾರ, ನಿಂಬೆಹಣ್ಣು ಹಚ್ಚಿಕೊಂಡು ತಿಂದೆವು. ಕರಡಿಗಳಿರೋ ಕಾಡು, ಹಾಗಾಗಿ ತಿಂಡಿ, ಎಣ್ಣೆ, ಟೂತ್‌ಪೇಸ್ಟ್ ಕೂಡ ಕಾರೊಳಗೆ ಇಟ್ಟು ಬಾಗಿಲು ಹಾಕಲೇಬೇಕು. ಅಮ್ಮ ತಂದಿದ್ದ ಕೋಡುಬಳೆ ಡಬ್ಬವೂ ಕಾರಿಗೇ ಹೋಯಿತು.

ಮಧ್ಯರಾತ್ರಿ ಲೂನ್ ಕೂಗಿತು. ಅದು ಬಾತುಕೋಳಿ ಥರದ ನೀರುಹಕ್ಕಿ, ಮಿನೆಸೋಟದ ರಾಜ್ಯಪಕ್ಷಿ. ಸರೋವರದ ಒಂದು ತುದಿಯಿಂದ ಉದ್ದಕ್ಕೆ, ಯಾರೋ ಅಳ್ತಿದ್ದಾರೇನೋ ಅನ್ನೋ ಹಾಗೆ ಕೂಗುತ್ತೆ. ಇನ್ನೊಂದು ತುದಿಯಿಂದ ಉತ್ತರ ಬರುತ್ತೆ. ಅಮ್ಮ ಎದ್ದು ಕೂತರು. ಹಕ್ಕಿ ಅಂತ ಹೇಳಿದ ಮೇಲೂ ಬಹಳ ಹೊತ್ತು ಮಲಗಲಿಲ್ಲ. ಹೆದರಿಕೆಯಿಂದ ಅಲ್ಲ, ಮತ್ತೆ ಕೂಗುತ್ತೇನೋ ಅಂತ ಕಾಯ್ತಾ ಇದ್ದರು.

ಈ ಕಾಡಿಗೆ ಈಗ ಕೊಡಲಿಯ ಭಯವಿಲ್ಲ, ಆದರೆ ಮರಿಗಳಿಲ್ಲ. ಹಳೇ ಪೈನ್ ತೋಪಿನಲ್ಲಿ ನಡೆಯುವಾಗ ಕೆಳಗೆ ನೋಡಿ, ಎಳೇ ಪೈನ್ ಕಾಣೋದು ಅಪರೂಪ. ಕೆಂಪು ಪೈನ್ ಬೀಜಕ್ಕೆ ತರಗೆಲೆ ಸುಟ್ಟು ಹೋದ ಬರಿಮಣ್ಣು, ಮೇಲಿನಿಂದ ಬಿಸಿಲು ಬೇಕು. ಅಂದರೆ ಆಗಾಗ ನೆಲದ ಬೆಂಕಿ ಬೇಕು. ದೊಡ್ಡ ಮರದ ದಪ್ಪ ತೊಗಟೆ ಅದನ್ನ ತಡೆದುಕೊಳ್ಳುತ್ತೆ. ಕಾಡು ಕಾಪಾಡ್ತೀವಿ ಅಂತ ದಶಕಗಟ್ಟಲೆ ಬೆಂಕಿ ಆರಿಸಿದರು. ಬೇಟೆ ನಿಲ್ಲಿಸಿದ್ದಕ್ಕೆ ಜಿಂಕೆ ವಿಪರೀತ ಹೆಚ್ಚಿ ಸಸಿಗಳ ಕುಡಿ ತಿಂದು ಹಾಕಿದವು. ಈಗ ಅರಣ್ಯ ಸಿಬ್ಬಂದಿಯೇ ಲೆಕ್ಕ ಹಾಕಿ ಬೆಂಕಿ ಇಡ್ತಾರೆ. ಬಿಳಿ ಪೈನ್ ಸಸಿಗಳಿಗೆ ಈ ರಾಜ್ಯದಲ್ಲಿ ಇನ್ನೊಂದು ಉಪಾಯ ಮಾಡ್ತಾರೆ: ಚಳಿಗಾಲಕ್ಕೆ ಮುಂಚೆ ತುದಿಕುಡಿಗೆ ಒಂದು ಚೂರು ಕಾಗದ ಮಡಚಿ ಸ್ಟೇಪ್ಲರ್ ಹೊಡೆಯೋದು. ಜಿಂಕೆ ಕಾಗದ ಮುಟ್ಟಲ್ಲ, ವಸಂತದಲ್ಲಿ ಕುಡಿ ಅದರೊಳಗಿಂದಲೇ ಮೇಲೇಳುತ್ತೆ. ಜಿಂಕೆಯ ಬಾಯಿಗೆ ಸಿಗದಷ್ಟು ಎತ್ತರ ಆಗೋವರೆಗೆ ಪ್ರತಿ ವರ್ಷ, ಒಂದೊಂದೇ ಸಸಿಗೆ.

ಹೋಗೋರಿಗೆ ಎರಡು ಮಾತು. ಕ್ಯಾಂಪ್ ಜಾಗ 120 ದಿನ ಮುಂಚೆ ಬುಕಿಂಗ್ ತೆರೆಯುತ್ತೆ, ಬೇಸಿಗೆಯ ಶನಿವಾರಗಳು ಬೇಗ ತುಂಬಿಹೋಗುತ್ತವೆ. ವಾರದ ಮಧ್ಯೆ ಹೋದರೆ ನದಿಮೂಲದಲ್ಲಿ ಬೆಳಿಗ್ಗೆ ಏಳಕ್ಕೆ ನೀವೊಬ್ಬರೇ ಇರ್ತೀರ. ಸೊಳ್ಳೆಗೆ ಔಷಧಿ, ಕಾಲ್ಚೀಲದೊಳಗೆ ಪ್ಯಾಂಟ್ ಸಿಕ್ಕಿಸೋದು ಎರಡೂ ಬೇಕು, ಉಣ್ಣೆಗಳಿವೆ. ಮನೆಯಿಂದ ಸೌದೆ ತರಬೇಡಿ. ಬೂದಿಮರವನ್ನ ಕೊಲ್ಲೋ ಒಂದು ಹಸಿರು ಜೀರುಂಡೆ ಸೌದೆಯೊಳಗೆ ಕೂತೇ ಊರಿಂದೂರಿಗೆ ಹೋಗುತ್ತೆ, ಅದಕ್ಕೇ ಒಪ್ಪಿಗೆ ಪಡೆದ ಸೌದೆಯನ್ನ ಅಲ್ಲೇ ಹತ್ತಿರದಲ್ಲಿ ಕೊಳ್ಳಬೇಕು ಅನ್ನೋ ನಿಯಮ. ಒಂದು ರಾತ್ರಿಗೆ ಎರಡು ಕಟ್ಟು ಸಾಕು, ಜೋಳ ಸುಡೋದಿದ್ದರೆ ಮೂರು.